ನೆಲಮಾಳಿಗೆಗಾಗಿ ನಿಂತ ರಂಗೋಲಿ

ಎಂಬತ್ತರ ದಶಕದ ಮೊದಲಲ್ಲಿ ಜಾಲಹಳ್ಳಿಯ ಆಚೆ ಮನೆ ಕಟ್ಟಿದೆ. ಸೈಟು ರಸ್ತೆಯಿಂದ ಹಿಂದಕ್ಕೆ ಇಳಿಜಾರು. ಆ ತಗ್ಗಿಗೆ ಮಣ್ಣು ತುಂಬಿಸುವ ಬದಲು ಸೈಜುಗಲ್ಲಿನ ಗೋಡೆ ಎಬ್ಬಿಸಿ, ಮನೆಯ ಹಿಂಭಾಗದ ಕೆಳಗೊಂದು ನೆಲಮಾಳಿಗೆ ಮಾಡಿಸಿದೆ. ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಅದಿರಲಿಲ್ಲ. ಫ್ಯಾಕ್ಟರಿಯಲ್ಲಿ ನನ್ನ ಶಿಫ್ಟಿನವರನ್ನೆಲ್ಲ ಕರೆತಂದು ತೋರಿಸಿದ್ದೆ.

ಗೃಹಪ್ರವೇಶವಾದ ತಿಂಗಳೊಳಗೇ ಅದರ ಹಿಂದಿನ ಗೋಡೆ ಒಸರತೊಡಗಿತು. ರಾಗಿ ಮೂಟೆ ಬೂಷ್ಟು ಹಿಡಿಯಿತು. ಒಳಗಿನಿಂದ ಡಾಂಬರು ಬಳಿದೆ. ಡಾಂಬರಿನ ಮೇಲೂ ಒಸರಿತು.

"ತೆಪ್ಪೋತ್ಸವ ಯಾವತ್ತು ಇಟ್ಕೊಂಡಿದೀರಿ?" ಎಂದಳು ಹೆಂಡತಿ.

ಕೋಪ ಬಂತು. ಯಾರ ಮೇಲಾದರೂ ಹಾಕಬೇಕಿತ್ತು, ಸಿಕ್ಕಿದವಳು ಅವಳೇ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಇಡುತ್ತಿದ್ದಳು. ಆ ನೀರೇ ಇಳಿದು ಬರುತ್ತಿದೆ ಎಂದೆ.

"ಎರಡು ಚೊಂಬು ನೀರು ಇಡೀ ಮನೆ ದಾಟ್ಕೊಂಡು ಹಿಂದಿನ ಗೋಡೆಗೆ ಹೋಗತ್ತೇನ್ರೀ?"

"ಗುರುತ್ವಾಕರ್ಷಣೆ ಕಣೆ. ನಾನು ಎಸ್ಸೆಸ್ಸೆಲ್ಸಿ ಮಾಡಿರೋನು."

ಬಾಗಿಲಿಗೆ ನೀರು ಹಾಕುವುದು ನಿಂತಿತು. ನೀರು ಹಾಕದ ನೆಲಕ್ಕೆ ರಂಗೋಲಿ ಇಡುವುದಿಲ್ಲವೆಂದು ಅವಳು ಅದನ್ನೂ ನಿಲ್ಲಿಸಿದಳು. ನಮ್ಮಲ್ಲಿ ರಂಗೋಲಿಯಿಲ್ಲದ ಬಾಗಿಲೆಂದರೆ ಸೂತಕದ ಮನೆ. ವಾರ ಕಳೆಯುವುದರೊಳಗೆ ಎದುರುಮನೆಯಾಕೆ ಮುಖ ಸಣ್ಣದು ಮಾಡಿಕೊಂಡು ಬಂದರು.

"ಯಾರು ಹೋದ್ರಮ್ಮ? ನಿಮ್ಮ ಕಡೆಯೋರಾ, ಅವ್ರ ಕಡೆಯೋರಾ?"

"ಯಾರೂ ಇಲ್ಲ ಕಣ್ರೀ. ನಮ್ಮನೆಯವ್ರ ಸೆಲ್ಲಾರ್‌ಗೆ ಹುಷಾರಿಲ್ಲ."

ನಗುತ್ತಲೇ ಹೇಳಿದಳು. ಆದರೆ ವರಮಹಾಲಕ್ಷ್ಮಿ ಹಬ್ಬದ ದಿನ ಅರಿಸಿನ ಕುಂಕುಮಕ್ಕೆ ಕರೆಯುತ್ತ ಬಂದ ಮೇಲಿನ ಬೀದಿಯ ಹೆಂಗಸರು ನಮ್ಮ ಬೋಳು ಬಾಗಿಲು ನೋಡಿ ಮುಂದಿನ ಮನೆಗೆ ಹೋದಾಗ ನಗಲಿಲ್ಲ. "ಒಂದೇ ಒಂದು ಚೊಂಬು ಹಾಕ್ಲಾ?" ಎಂದು ಕೇಳಿದಳು. ಬೇಡವೆಂದೆ. ಗೋಡೆ ಮಾತ್ರ ಒಸರುತ್ತಲೇ ಇತ್ತು. ಅದು ಹಳೇ ನೀರು, ಖಾಲಿಯಾಗಬೇಕು ಎಂದು ಸಮಜಾಯಿಷಿ ಕೊಟ್ಟೆ.

ಮಳೆಗಾಲದ ಕೊನೆಗೆ ಅವಳ ತವರು ಸರ್ಜಾಪುರಕ್ಕೆ ಹೋಗಿ ವಾರವಿದ್ದು ಬಂದೆವು. ಬಂದವನೇ ಕೆಳಗಿಳಿದು ನೋಡಿದರೆ ಗೋಡೆ ಒಣಗಿತ್ತು. ಗೆದ್ದೆನೆಂದು ಕೂಗಲು ಬಾಯಿ ತೆರೆದೆ. ಅವಳು ಮೇಲೆ ತಲೆಗೆ ಸ್ನಾನ ಮಾಡುತ್ತಿದ್ದಳು. ನೋಡುತ್ತಿದ್ದಂತೆಯೇ ಕಲ್ಲಿನ ಸಂದಿಯಿಂದ ನೀರು ಜಿನುಗಿತು. ಮುಟ್ಟಿದರೆ ಉಗುರುಬೆಚ್ಚಗೆ. ಸೀಗೆಪುಡಿಯ ವಾಸನೆ.

ಬಚ್ಚಲ ನೀರು! ಅದು ವ್ಯರ್ಥವಾಗಬಾರದೆಂದು ಕಾಲುವೆ ತೋಡಿ, ಅದೇ ಗೋಡೆಯ ಬುಡದಲ್ಲಿ ನೆಟ್ಟಿದ್ದ ಬಾಳೆಗಿಡಗಳಿಗೆ ಬಿಟ್ಟವನು ನಾನು. ಆ ಬಾಳೆಯನ್ನೂ ಶಿಫ್ಟಿನವರಿಗೆ ತೋರಿಸಿದ್ದೆ.

ಅವಳು ತಲೆ ಒರೆಸಿಕೊಂಡು ಬರುವುದರೊಳಗೆ ಗೋಣಿಚೀಲದಿಂದ ಗೋಡೆ ಒರೆಸಿಬಿಟ್ಟೆ. ಮರುದಿನ ಕಾಲುವೆಯನ್ನು ಕಾಂಪೌಂಡಿನ ಮೂಲೆಗೆ ತಿರುಗಿಸಿ, ಬಾಳೆಯನ್ನೂ ಕಿತ್ತು ಅಲ್ಲಿಗೇ ನೆಟ್ಟೆ. ಕೇಳಿದಳು. ಆ ಕಡೆ ಬಿಸಿಲು ಚೆನ್ನಾಗಿದೆ ಎಂದೆ. ಗೋಡೆ ಪೂರ್ತಿ ಒಣಗಿದ ಮೇಲೆ ದೊಡ್ಡ ಮನಸ್ಸು ಮಾಡಿದವನಂತೆ, "ಡಾಂಬರು ಹಿಡೀತು ಕಣೆ. ಇನ್ಮೇಲೆ ನೀರು ಹಾಕ್ಕೋ" ಎಂದೆ.

ಮರುಬೆಳಿಗ್ಗೆ ಅವಳು ಅರ್ಧ ರಸ್ತೆಯವರೆಗೂ ರಂಗೋಲಿ ಬಿಟ್ಟಳು. "ಎಲ್ಲಾ ನಮ್ಮನೆಯವ್ರ ಕೈಗುಣ ಕಣ್ರೀ" ಎಂದು ಎದುರುಮನೆಯಾಕೆಗೆ ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸಿತು. ಹೊರಗೆ ಹೋಗಿ ನಿಜ ಹೇಳುವ ಧೈರ್ಯವಾಗಲಿಲ್ಲ. ಇಷ್ಟು ವರ್ಷವೂ ಆಗಲಿಲ್ಲ.

ಇದನ್ನು ಬರೆದು ಮೊದಲು ಅವಳಿಗೇ ಓದಿ ಹೇಳಿದೆ.

"ಹಂಗಾದ್ರೆ ಆ ಹಬ್ಬದ ದಿನ ನಾನು ಸುಮ್‌ಸುಮ್ನೆ ಒಳಗೆ ಕೂತಿದ್ದೆ ಅನ್ನಿ."

"ತಪ್ಪಾಯ್ತು ಕಣೆ."

"ನಾಳೆಯಿಂದ ಬಾಗಿಲಿಗೆ ನೀವೇ ನೀರು ಹಾಕಿ."

"ಮಂಡಿನೋವು ಕಣೆ..."

"ನೀರು ಹಾಕೋಕೆ ಮಂಡಿ ಯಾಕ್ರೀ? ಬಗ್ಗಿ ರಂಗೋಲಿ ಇಡೋಳು ನಾನು ತಾನೇ?"

ಈಗ ದಿನಾ ಹಾಕುತ್ತಿದ್ದೇನೆ. ಅಂಚಿನಲ್ಲಿ ಎಲ್ಲಾದರೂ ಒಣ ನೆಲ ಕಂಡರೆ ಮತ್ತೆ ಕಳಿಸುತ್ತಾಳೆ.