ಮೊಂಡಿ ಯಂತ್ರಕ್ಕೆ ಒಲಿದದ್ದು

ಇಪ್ಪತ್ತೆಂಟು ವರ್ಷ ಹಾಲು ಕರೆದು ಕರೆದು ದೊಡ್ಡಕ್ಕನ ಬೆರಳಿನ ಗೆಣ್ಣುಗಳೆಲ್ಲ ಬಾತುಹೋಗಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಗಂಡನನ್ನೇ ಕೂಗಬೇಕು. ಆತನೋ, ತಪ್ಪು ತೂತಿಗೆ ಹಾಕಿ ನಗುತ್ತಿದ್ದ.

ಇದನ್ನು ನೋಡಲಾರದೆ ಕೊಟ್ಟಿಗೆಯ ಯಜಮಾನನಾದ ಅವಳ ತಮ್ಮ ಹೊಸ ಯಂತ್ರ ತರಿಸಿದ. ಅದು ಕೊರಳಪಟ್ಟಿಯಿಂದಲೇ ಹಸುವಿನ ಗುರುತು ಹಿಡಿದು, ಅದರದರ ಪಾಲಿನ ಹಿಂಡಿ ಸುರಿಯುತ್ತಾ, ತಾನೇ ಹಾಲು ಕರೆಯುತ್ತಿತ್ತು.

"ಇನ್ನು ಆರಾಮಾಗಿ ಕೂತ್ಕೊ ಅಕ್ಕಾ" ಎಂದ ತಮ್ಮ. ದೊಡ್ಡಕ್ಕನಿಗೆ ಒಂದೇ ಯೋಚನೆ: ಕೂತು ಮಾಡುವುದಾದರೂ ಏನು?

ಒಂಬತ್ತು ದಿನಗಳಲ್ಲಿ ನಲವತ್ತೊಂದು ಹಸುಗಳು ಯಂತ್ರಕ್ಕೆ ಹೊಂದಿಕೊಂಡವು. ಮೊಂಡಿ ಎಂಬ ಹಸು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಒಳಗೆ ದಬ್ಬಿದರೆ ಮೊಲೆಗೆ ಕಚ್ಚಿಕೊಂಡು ಹಾಲು ಹೀರುವ ಬಟ್ಟಲುಗಳನ್ನು ಝಾಡಿಸಿ ಒದೆಯುತ್ತಿತ್ತು.

"ಕೆಲವು ಹಸು ಇದಕ್ಕೆ ಒಗ್ಗಲ್ಲ, ಮಾರ್ಬಿಡಿ" ಎಂದಳು ಯಂತ್ರ ಕೂರಿಸಲು ಬಂದಿದ್ದ ತಂತ್ರಜ್ಞೆ.

"ಹಾಗಾದ್ರೆ ನನ್ನನ್ನೂ ಅದರ ಜೊತೇಲೇ ಸಾಗಹಾಕಿ!" ದೊಡ್ಡಕ್ಕ ಸಿಡಿದಳು. "ಒಗ್ಗದೇ ಇರೋದು ನಿಮ್ಮ ಯಂತ್ರ. ಮೊಂಡಿಗೆ ಮೊದಲು ಎರಡು ಬಾಯಿ ಹಿಂಡಿ ಬೀಳ್ಬೇಕು, ಆಮೇಲೇ ಹಾಲಿಳಿಸೋದು. ಎಡಗಡೆ ಹಿಂದಿನ ಮೊಲೆಗೆ ಒಂದ್ಸಲ ಬಾವು ಬಂದಿತ್ತು, ಅದನ್ನ ಕೊನೇಲಿ ಮುಟ್ಬೇಕು. ಇದು ನೋಡಿದ್ರೆ ಮೊದಲು ಅಲ್ಲಿಗೇ ಕೈ ಹಾಕತ್ತೆ!"

ತಂತ್ರಜ್ಞೆ ಅವಳನ್ನೇ ನೋಡಿದಳು. "ಇನ್ನೊಂದ್ಸಲ ನಿಧಾನವಾಗಿ ಹೇಳಿ, ಅಮ್ಮಾ. ಮೊಂಡಿಗೆ ಹಾಗೇ ಹೊಂದಿಸ್ತೀನಿ."

ಮರುದಿನ ಬೆಳಿಗ್ಗೆ ಮೊಂಡಿ ಬಾಗಿಲಲ್ಲಿ ನಿಂತು ಮೂಸಿತು. ಹಿಂಡಿ ಉದುರಿದ ಸದ್ದಾಯಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು ಒಳಹೊಕ್ಕಿತು. ಮೂರು ಬಟ್ಟಲು ಕಚ್ಚಿಕೊಂಡವು. ನಾಲ್ಕನೆಯದು ಎಡಗಡೆ ಹಿಂದಕ್ಕೆ ಹೋದಾಗ ಒದೆತ ಬಿತ್ತೆಂದೇ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮೊಂಡಿ ಕಿವಿ ಜೋಲುಬಿಟ್ಟು ಮೆಲ್ಲುತ್ತಲೇ ಇತ್ತು.

"ಹದಿನಾಲ್ಕು ಲೀಟರ್!" ತಮ್ಮ ಯಂತ್ರದ ಪರದೆ ನೋಡಿ ಕೂಗಿದ. ದೊಡ್ಡಕ್ಕ ತಂತ್ರಜ್ಞೆಯ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು.

"ಉಳಿದವುಗಳದ್ದೂ ಹೇಳ್ತೀರಾ?" ಎಂದು ತಂತ್ರಜ್ಞೆ ಏದುಸಿರು ಬಿಡುತ್ತಲೇ ಕೇಳಿದಳು.

ಕೇಳಬೇಕೇ! ಎರಡು ದಿನ ದೊಡ್ಡಕ್ಕನ ಬಾಯಿಗೆ ಬಿಡುವಿರಲಿಲ್ಲ. ಯಾವುದು ಗಬಗಬ ತಿನ್ನುತ್ತದೆ, ಯಾವುದಕ್ಕೆ ನೀರು ಮೊದಲು, ಯಾವುದು ಮುನಿಸಿಕೊಂಡರೆ ಹಾಲು ಇಳಿಸದೆ ಏರಿಸಿಕೊಳ್ಳುತ್ತದೆ, ಒಂದೂ ಬಿಡಲಿಲ್ಲ. ಈಗ ಪರದೆಯ ಮುಂದಿನ ಕುರ್ಚಿ ಅವಳದೇ. ಯಾವ ಹಸುವಿಗೆ ಎಷ್ಟು ಹಿಂಡಿ ಎಂದು ತೀರ್ಮಾನಿಸುವವಳೂ ಅವಳೇ.

ಮೊನ್ನೆ ಬೇರೊಂದು ಕೊಟ್ಟಿಗೆಯಿಂದ ಫೋನ್ ಬಂತು. ಅಲ್ಲಿಯೂ ಒಂದು ಹಸು ಯಂತ್ರವನ್ನು ಒದೆಯುತ್ತಿತ್ತಂತೆ.

"ಬರ್ತೀನಿ" ಎಂದಳು ದೊಡ್ಡಕ್ಕ, ಚಪ್ಪಲಿ ಮೆಟ್ಟುತ್ತಲೇ. "ಅಷ್ಟರಲ್ಲಿ ಅದಕ್ಕೆ ಎಲ್ಲಿ ಕೆರೆದ್ರೆ ಇಷ್ಟ ಅಂತ ನೋಡಿಟ್ಕೊಂಡಿರಿ."