ಹಾಸು ಮುಗಿದ ಮೇಲೆ

ಪಿಯುಸಿ ಪಾಸಾದ ವರ್ಷ ನನಗೆ ಚಿತ್ರದುರ್ಗದಲ್ಲಿ ನರ್ಸಿಂಗ್ ಓದುವ ಆಸೆಯಿತ್ತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಮೇಲೆ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹೂಡಿದ ನೂಲು, ಇರುವಷ್ಟು ದಿನ ಮನೆಯ ದೊಡ್ಡ ವಿಷಯ ಯಾವುದನ್ನೂ ಅವರು ತೀರ್ಮಾನಿಸುತ್ತಿರಲಿಲ್ಲ. ಕೇಳಿದರೆ, "ಈ ಹಾಸು ಮುಗೀಲಿ ಕಣವ್ವ, ಕುಂತು ಮಾತಾಡಾನ" ಎನ್ನುತ್ತಿದ್ದರು.

ಆದರೆ ನಮ್ಮಲ್ಲಿ ಹಾಸನ್ನು ಪೂರ್ತಿ ಮುಗಿಯಲು ಬಿಡುವುದಿಲ್ಲ. ಕೊನೆಯ ಸೀರೆ ಕತ್ತರಿಸಿದಾಗ ಮಗ್ಗದಲ್ಲಿ ಉಳಿಯುವ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತೇವೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತ, ಈ ಸಲ ಕೇಳಿಯೇ ಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಕೇಳುವಷ್ಟರಲ್ಲಿ ಹೊಸ ಹಾಸು ಮಗ್ಗಕ್ಕೆ ಏರಿರುತ್ತಿತ್ತು. ಅವ್ವನಿಗೆ ಹೇಳಿದರೆ, "ನಿಮ್ಮಪ್ಪ ಬ್ಯಾಡ ಅಂದಾರಾ?" ಎನ್ನುತ್ತಿದ್ದಳು. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮದುವೆಯಾಗಿ ಚಳ್ಳಕೆರೆಗೆ ಬಂದೆ. ಪವರ್‌ಲೂಮ್ ಸೀರೆಗಳು ಬಂದು, ಅಪ್ಪ ನೇಯ್ದ ಸೀರೆ ಕೇಳುವವರು ಕಡಿಮೆಯಾದರು. ಒಮ್ಮೆ ಮಗಳನ್ನು ಎತ್ತಿಕೊಂಡು ತವರಿಗೆ ಹೋದಾಗ ಮಗ್ಗ ಬರಿದಾಗಿತ್ತು. ಅಪ್ಪ ಅದರ ಪಕ್ಕ ಕೈಕಟ್ಟಿ ಕುಳಿತಿದ್ದರು. ನಾನು ಕೈಕಾಲು ತೊಳೆದು ಬರುವುದನ್ನೇ ಕಾದಿದ್ದು, ಹತ್ತಿರ ಕರೆದು ಕೂರಿಸಿಕೊಂಡರು. ಅವರ ದನಿಯಲ್ಲಿ ಅಣಕವೇನೂ ಇರಲಿಲ್ಲ.

"ಹಾಸು ಮುಗೀತು ಕಣವ್ವ. ಏನೋ ಓದ್ತೀನಿ ಅಂತಿದ್ದೆಲ್ಲ, ಈಗ ಹೇಳು."