ಕಪ್ಪೆರಾಯನ ಎರಡು ಸೆಕೆಂಡು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೆ ಇದ್ದೇ ಇದೆ, ಆದರೆ ಅದು ಈಗ ಕರಾರುಪತ್ರದಲ್ಲಿ ಮಾತ್ರ ಉಳಿದಿದೆ. ತರಕಾರಿಯವಳಿಂದ ಹಿಡಿದು ಮಗಳ ಶಾಲೆಯ ಟೀಚರ್‌ವರೆಗೆ ಎಲ್ಲರಿಗೂ ಅವನು ಕಪ್ಪೆರಾಯ.

ಮೊದಲು ಹೀಗಿರಲಿಲ್ಲ. ಹನ್ನೊಂದು ವರ್ಷ ಒಂದು ಮೈಕು ಹಿಡಿದು, ಜನರೆದುರು ಒಬ್ಬನೇ ನಿಂತು, ಹೊಟ್ಟೆ ಹುಣ್ಣಾಗುವಂತೆ ನಗಿಸಿದವನು. ಅಂಥವನನ್ನು ಟೀವಿಯವರು ಕಪ್ಪೆಯ ಪಾತ್ರಕ್ಕೆ ಕರೆದರು. ಹಳೇ ರಾಜಕುಮಾರಿ ಕಥೆಗಳನ್ನು ಈ ಕಾಲಕ್ಕೆ ತಿರುಗಿಸಿ ಹೇಳುವ ಧಾರಾವಾಹಿ. ಇದರಲ್ಲಿ ರಾಜಕುಮಾರಿ ವಕೀಲೆ. ಕಪ್ಪೆಗೆ ಮುತ್ತು ಕೊಡುವ ಗೋಜಿಗೇ ಹೋಗದೆ ಅದನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತಾಳೆ. ಮುತ್ತೇ ಇಲ್ಲ ಅಂದಮೇಲೆ ಕಪ್ಪೆ ರಾಜಕುಮಾರನಾಗುವುದು ಎಲ್ಲಿಂದ ಬಂತು? ಮೂರು ವರ್ಷದಲ್ಲಿ ಒಮ್ಮೆಯೂ ಅವನ ಮುಖ ಪರದೆಯ ಮೇಲೆ ಬಂದಿಲ್ಲ.

ಆ ಕಪ್ಪೆ ಉಡುಪಿನ ಜಿಪ್ಪು ಬೆನ್ನಿನ ಮೇಲಿದೆ. ಹಾಕುವವಳೂ ತೆಗೆಯುವವಳೂ ವೇಷಭೂಷಣದ ಅಕ್ಕ. ಗುಟುಕು ನೀರು ಬೇಕೆಂದರೂ ಅವಳನ್ನೇ ಕೂಗಬೇಕು. ಅದೂ ಹಾಳಾಗಿ ಹೋಗಲಿ. ಶೂಟಿಂಗ್ ನಡೆಯುವಾಗ ಅಲ್ಲಿ ಯಾರೂ ನಗುವಂತಿಲ್ಲ. ನಗುವಿನ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಅದಕ್ಕೆ ಜಾಗ ಬಿಡಲು ಪ್ರತಿ ಜೋಕಿನ ನಂತರ ಅವನು ಎರಡು ಸೆಕೆಂಡು ಕಂಬದ ಹಾಗೆ ನಿಲ್ಲಬೇಕು. ನಿಂತೂ ನಿಂತೂ ಅದು ಮೈಗೆ ಅಂಟಿಬಿಟ್ಟಿತ್ತು. ಊಟಕ್ಕೆ ಕೂತಾಗಲೂ ಮಾತಿನ ಮಧ್ಯೆ ನಿಂತುಬಿಡುತ್ತಿದ್ದ. "ಅಪ್ಪಾ, ಮುಂದೆ ಹೇಳು" ಎಂದು ಮಗಳು ತಟ್ಟುತ್ತಿದ್ದಳು.

ಹೊಸ ಕರಾರಿಗೆ ಸೋಮವಾರ ಸಹಿ ಹಾಕಬೇಕಿತ್ತು. ಇನ್ನೂ ಮೂರು ವರ್ಷ ಕಪ್ಪೆ, ಅಲ್ಲಿಯವರೆಗೆ ಬೇರೆ ಯಾವ ವೇದಿಕೆಯನ್ನೂ ಹತ್ತುವಂತಿಲ್ಲ. ಭಾನುವಾರ ಸಂಜೆಗೆ ತಾನು ಮೊದಲು ಜನರನ್ನು ನಗಿಸುತ್ತಿದ್ದ ಹಳೇ ಸಭಾಂಗಣದಲ್ಲಿ ಹತ್ತು ನಿಮಿಷ ಬೇಡಿ ಪಡೆದ.

"ಜನ ನಕ್ರೆ ಸಹಿ ಹಾಕಲ್ಲ ಕಣೇ."

"ನಗ್ಲಿಲ್ಲ ಅಂದ್ರೆ?" ಎಂದಳು ಹೆಂಡತಿ.

"ನನ್ ಕೈಲಿ ಇನ್ನಾಗಲ್ಲ ಅಂತ ಅರ್ಥ. ಕಪ್ಪೆಯಾಗೇ ಇರ್ತೀನಿ."

ಭಾನುವಾರ ಸ್ವಂತ ಮುಖ ಹೊತ್ತು ನಿಂತ. "ನಮ್ಮ ಮಾವ ನನ್ನನ್ನ ಅಳಿಯ ಅಂತ ಯಾರಿಗೂ ಹೇಳಲ್ಲ. 'ಇವ್ರು ನಮ್ಮ ಮಗಳ ಜೊತೆ ಬಂದಿದಾರೆ' ಅಂತಾರೆ."

ಮುಂದಿನ ಸಾಲಿನಲ್ಲಿ ನಗು ಶುರುವಾಯಿತು, ನಿಜವಾಗಿಯೂ ಶುರುವಾಯಿತು. ಆದರೆ ಇವನು ಕಣ್ಣು ಪಿಳುಕಿಸದೆ ಕಂಬವಾಗಿ ನಿಂತಿದ್ದ. ಇವನಿಗೇನೋ ಆಯಿತೆಂದು ನಕ್ಕವರೂ ಬಾಯಿ ಮುಚ್ಚಿಕೊಂಡರು. ಎರಡನೇ ಜೋಕಿಗೂ ಅದೇ ಗತಿ. ಮೂರನೆಯದಕ್ಕೆ ಯಾರೋ ಪಾಪ ಅನ್ನಿಸಿ ಕೇಳಿದರು: "ಮರ್ತೋಯ್ತಾ ಸಾರ್?"

ಹಿಂದಿನಿಂದ ಇನ್ನೊಬ್ಬ, "ಬಿಡಿ ಕಪ್ಪೆರಾಯ್ರೇ, ಒಂದ್ಸಲ ವಟಗುಟ್ಟಿ ಸಾಕು" ಎಂದ.

ವಟಗುಟ್ಟಿದ. ಚಾವಣಿ ಹಾರಿಹೋಗುವಂತೆ ನಕ್ಕರು. ಅವನಿಗೆ ಅಳು ಬಂತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಹಿ ಹಾಕಿದ. ಹತ್ತೂವರೆಗೆ ಅಕ್ಕ ಅವನನ್ನು ಉಡುಪಿಗೆ ತುರುಕುತ್ತಿದ್ದಳು. ಜೋಲು ಮುಖ ಕಂಡು, "ನಿನ್ನೆ ಏನಂದ್ಯೋ ಅಲ್ಲಿ?" ಎಂದು ಕೇಳಿದಳು. ಬಿಗಿ ತೋಳಿನೊಳಗೆ ಕೈ ತೂರಿಸುತ್ತ, ಏದುಸಿರು ಬಿಡುತ್ತ, ಮಾವನ ಜೋಕನ್ನೂ ಉಳಿದವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ನಿಲ್ಲುವ ನೆನಪೇ ಆಗಲಿಲ್ಲ. ಅಕ್ಕ ಜಿಪ್ಪು ಅರ್ಧಕ್ಕೆ ಬಿಟ್ಟು, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವನಿಗೆ ಆಗ ಹೊಳೆಯಿತು. ಜೋಕು ಸತ್ತಿರಲಿಲ್ಲ. ತಾನೂ ಸತ್ತಿರಲಿಲ್ಲ. ಕೆಡಿಸಿದ್ದು ಆ ಹಾಳು ಎರಡು ಸೆಕೆಂಡು.

ಅಷ್ಟರಲ್ಲಿ ಅಕ್ಕ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದು, ಕಪ್ಪೆಯ ತಲೆಯನ್ನು ಕೂರಿಸಿಬಿಟ್ಟಿದ್ದಳು.

"ಅಕ್ಕಾ, ಜಿಪ್ ತೆಗಿ. ನಾನು ಮನೆಗೆ ಹೋಗ್ತೀನಿ. ಇದು ನಂಗೆ ಬೇಡ" ಎಂದ.

ಎಂದು, ಅಭ್ಯಾಸಬಲದಿಂದ, ಎರಡು ಸೆಕೆಂಡು ನಿಂತ.

"ಸಾಕು ಬಿಡೋ, ಇನ್ನು ನಗಕ್ಕಾಗಲ್ಲ" ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದಳು. ಅವನು ಕೈಯನ್ನು ಬೆನ್ನಿಗೆ ಒಯ್ದ. ಕಪ್ಪೆಯ ಬೆರಳಿಗೆ ಜಿಪ್ಪು ಸಿಗಲಿಲ್ಲ.